ಹೊಯ್ಗೆ ಊರಲ್ಲಿ ಅಮ್ಮನ ಜೊತೆ ಮೂರು ದಿನ

ಅಮ್ಮನಿಗೆ ಸಾವೊ ಪಾಲೊ ಹದಿನೈದೇ ದಿನಕ್ಕೆ ಸಾಕಾಗಿತ್ತು. ಹದಿನಾಲ್ಕನೇ ಮಹಡಿಯ ಫ್ಲ್ಯಾಟು. ಕಿಟಕಿ ತೆಗೆದರೆ ಎದುರಿಗೆ ಇನ್ನೊಬ್ಬರ ಕಿಟಕಿ, ಕೆಳಗಿಳಿದರೆ ಬರೀ ಪೋರ್ಚುಗೀಸು. "ಬ್ರೆಜಿಲ್ ಅಂದ್ರೆ ಕಡಲು ಅಂದಿದ್ದೆ ನೀನು. ಕಡಲ್ ಎಲ್ಲಿತ್ತ್ ಮಗಾ?" ಅಂತ ದಿನಕ್ಕೊಂದು ಸಲ ಕೇಳುತ್ತಿದ್ದಳು. ಮರವಂತೆ ಹತ್ತಿರದ ಮನೆಯಲ್ಲಿ ಅರವತ್ತಮೂರು ವರ್ಷ ಅಲೆ ಸದ್ದು ಕೇಳಿಕೊಂಡೇ ಮಲಗಿದವಳಿಗೆ ಲಿಫ್ಟ್ ಸದ್ದು ಕೇಳಿ ನಿದ್ದೆ ಬರಲ್ಲ, ಅದೇನು ಅವಳ ತಪ್ಪಲ್ಲ. ಅಪ್ಪ ಬಂದಿರಲಿಲ್ಲ. ತೋಟ ಬಿಟ್ಟು ಬರಲ್ಲ ಅಂದಿದ್ದರು.

2024ರ ನವೆಂಬರ್ 15 ಶುಕ್ರವಾರ ಬಿತ್ತು. ಇಲ್ಲಿ ಅವತ್ತು ರಜೆ. 1889ರಲ್ಲಿ ಚಕ್ರವರ್ತಿಯನ್ನು ಇಳಿಸಿ ಗಣರಾಜ್ಯ ಮಾಡಿಕೊಂಡ ದಿನ. ಶುಕ್ರ, ಶನಿ, ಭಾನು ಸೇರಿ ಮೂರು ದಿನ. ನಾನು ಆಫೀಸಲ್ಲಿ ಕೇಳಿದವರೆಲ್ಲ ಒಂದೇ ಊರಿನ ಹೆಸರು ಹೇಳಿದರು, ಕಡಲ ದಂಡೆಯ ಜೆರಿಕೊಆಕೊಆರಾ. ಅಷ್ಟುದ್ದ ಹೇಳಲು ಅವರಿಗೂ ಪುರುಸೊತ್ತಿಲ್ಲ, ಜೆರಿ ಅಂತಾರೆ. ಅಮ್ಮ ಅದನ್ನು ಮೊದಲ ಸಲ ಕೇಳಿದಾಗಲೇ ಜೀರಿಗೆ ಮಾಡಿಬಿಟ್ಟಳು. ಆಮೇಲೆ ಮೂರೂ ದಿನ ಜೀರಿಗೆಯೇ.

ವೀಕೆಂಡಿಗೆ ಹೋಗುವಷ್ಟು ಹತ್ತಿರ ಏನಲ್ಲ. ಸಾವೊ ಪಾಲೊದಿಂದ ಸಿಯಾರಾ ರಾಜ್ಯದ ರಾಜಧಾನಿ ಫೋರ್ಟಲೇಜಾಗೆ ವಿಮಾನದಲ್ಲೇ ಮೂರೂವರೆ ತಾಸು, ಬೆಂಗಳೂರಿಂದ ಶ್ರೀನಗರಕ್ಕೆ ಹೋದಷ್ಟು ದೂರ. ಅಲ್ಲಿಂದ ಪಶ್ಚಿಮಕ್ಕೆ ಇನ್ನೂ ಸುಮಾರು 300 ಕಿಲೋಮೀಟರ್ ರಸ್ತೆ. ಜೆರಿ ಹತ್ತಿರವೇ ಕ್ರೂಜ್ ಅನ್ನೋ ಕಡೆ 2017ರಿಂದ ಒಂದು ವಿಮಾನ ನಿಲ್ದಾಣ ಇದೆ, ಆದರೆ ರಜೆ ದಿನದ ಟಿಕೆಟ್ ದರ ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ.

ದಿನ 1, ಶುಕ್ರವಾರ

ರಾತ್ರಿ ಎರಡೂವರೆಗೆ ಫೋರ್ಟಲೇಜಾದಲ್ಲಿ ಇಳಿದೆವು. ಮುಂಗಡ ದುಡ್ಡು ಕೊಟ್ಟು ಗೊತ್ತು ಮಾಡಿದ್ದ ವ್ಯಾನಿನವನು ಬರಲೇ ಇಲ್ಲ. ಮೆಸೇಜಿಗೆ ಎರಡು ನೀಲಿ ಗೆರೆ ಬರ್ತಿದೆ, ಉತ್ತರ ಮಾತ್ರ ಇಲ್ಲ. ನಾನು ಫೋನ್ ಹಿಡಿದುಕೊಂಡು ಆ ಕಡೆ ಈ ಕಡೆ ಓಡಾಡುತ್ತಿದ್ದೆ. ಅಮ್ಮ ಒಂದು ಕಂಬದ ಬುಡದಲ್ಲಿ ಶಾಲು ಹಾಸಿ ಕೂತು, ಡಬ್ಬಿಯಿಂದ ಒಗ್ಗರಣೆ ಅವಲಕ್ಕಿ ತೆಗೆದು, ಪಕ್ಕದಲ್ಲಿ ನಮ್ಮ ಹಾಗೇ ಕಾಯುತ್ತಿದ್ದ ಒಂದು ಕುಟುಂಬಕ್ಕೂ ಹಂಚಿದಳು. ಆ ಕುಟುಂಬದ ವ್ಯಾನು ನಾಲ್ಕೂವರೆಗೆ ಬಂತು. ಅದರಲ್ಲಿ ಎರಡು ಸೀಟು ಖಾಲಿ ಇತ್ತು. ಹೀಗೆ ಅವಲಕ್ಕಿಯಿಂದ ನಮ್ಮ ಪ್ರಯಾಣ ಶುರುವಾಯಿತು. ದುಡ್ಡು ವಾಪಸ್ ಬಂದಿಲ್ಲ, ಬಿಡಿ.

ಐದೂ ಕಾಲಿಗೆಲ್ಲ ಬೆಳಕು. ಭೂಮಧ್ಯರೇಖೆಗೆ ನಾಲ್ಕು ಡಿಗ್ರಿ ಕೂಡ ದೂರ ಇಲ್ಲದ ಜಾಗ ಇದು. ಬೆಳಗ್ಗೆ ಆರಕ್ಕೆ ನಮ್ಮಲ್ಲಿ ಎಂಟು ಗಂಟೆಗಿರುವಂಥ ಬಿಸಿಲು. ರಸ್ತೆ ಪಕ್ಕ ಗಾಳಿ ಯಂತ್ರಗಳ ಸಾಲು, ಮುಗಿಯುವುದೇ ಇಲ್ಲ. ಅವುಗಳ ಬುಡದಲ್ಲಿ ಬೀಸಣಿಗೆ ಎಲೆಯ ತಾಳೆ ಜಾತಿಯ ಮರಗಳು. ಕಾರ್ನಾಉಬಾ ಅಂತ ಹೆಸರು, ಸಿಯಾರಾದ ರಾಜ್ಯ ಮರ. ಅದರ ಎಲೆಯಿಂದ ಉದುರುವ ಮೇಣವನ್ನು ಕಾರಿನ ಪಾಲಿಶಿಗೂ ಹಾಕ್ತಾರೆ, ಮಾತ್ರೆ ಚಾಕಲೇಟುಗಳ ಮೇಲಿನ ಹೊಳಪಿಗೂ ಹಾಕ್ತಾರೆ. ಅಮ್ಮನಿಗೆ ಹೇಳಿದೆ, ಬಿಪಿ ಮಾತ್ರೆಯ ಹಾಳೆ ತೆಗೆದು ತಿರುಗಿಸಿ ತಿರುಗಿಸಿ ನೋಡಿದಳು. ಬಯಲಲ್ಲಿ ಬಿಳಿ ದನಗಳು, ಭುಜದ ಮೇಲೆ ಡುಬ್ಬ ಇರುವಂಥವು. "ಇದು ನಮ್ಮ ದೇಶದ್ದೇ ಅಲ್ದಾ?" ಅಂದಳು. ಹೌದು. ಇವರು ನೆಲೋರ್ ಅಂತ ಕರೆಯುವ ತಳಿ ಆಂಧ್ರದ ಒಂಗೋಲು ದನದ್ದೇ ಸಂತತಿ, ಹೆಸರೂ ನೆಲ್ಲೂರಿನದೇ.

ಅಸಲಿ ಆಶ್ಚರ್ಯ ಕಾದಿದ್ದು ಟೀ ಕುಡಿಯಲು ನಿಂತ ಕಡೆ (ಟೀ ಇರಲಿಲ್ಲ, ಕಾಫಿಯೇ ಎಲ್ಲ ಕಡೆ, ಸಕ್ಕರೆ ಪಾಕದ ಹಾಗೆ). ಅಂಗಡಿ ಎದುರು ಬುಟ್ಟಿಯಲ್ಲಿ ಕೆಂಪು, ಹಳದಿ ಗೇರುಹಣ್ಣು. ಅಮ್ಮ ನಿಂತುಬಿಟ್ಟಳು. "ಕಾರ್ತಿಕದಲ್ ಗೇರ್‌ಹಣ್ಣಾ?" ನಮ್ಮಲ್ಲಿ ಗೇರು ಅಂದರೆ ಫೆಬ್ರುವರಿಯಿಂದ ಮೇ ತನಕ, ಶಾಲೆಗೆ ರಜೆ ಸಿಗೋ ಹೊತ್ತಿಗೆ. ಇಲ್ಲಿ ವರ್ಷದ ಕೊನೆಯ ಒಣ ತಿಂಗಳುಗಳಲ್ಲಿ. ಅಷ್ಟೇ ಅಲ್ಲಮ್ಮ, ಗೇರು ಇಲ್ಲಿಯದ್ದೇ ಅಂದೆ. ಬ್ರೆಜಿಲಿನ ಈ ಈಶಾನ್ಯ ಕರಾವಳಿಯ ಕಾಡುಮರ ಅದು. ಇಲ್ಲಿಯ ತುಪಿ ಜನ ಅಕಾಜು ಅನ್ನುತ್ತಿದ್ದರು, ಪೋರ್ಚುಗೀಸರು ಅದನ್ನು ಕಾಜು ಮಾಡಿಕೊಂಡರು. ಹದಿನಾರನೇ ಶತಮಾನದಲ್ಲಿ ಅವರೇ ಗೋವಾಕ್ಕೆ ತಂದರು, ಅಲ್ಲಿಂದ ನಮ್ಮ ಗುಡ್ಡಕ್ಕೆಲ್ಲ ಹಬ್ಬಿತು. ಕೊಂಕಣಿಯವರು ಇವತ್ತಿಗೂ ಕಾಜು ಅನ್ನೋದು ಆ ತುಪಿ ಮಾತನ್ನೇ. ಅಮ್ಮ ನಂಬಲಿಲ್ಲ. ಅವಳ ಅಜ್ಜಿಯ ಅಜ್ಜಿ ನೆಟ್ಟ ಮರ ನಮ್ಮ ಹಾಡಿಯಲ್ಲಿದೆ, ಅದು ಹೊರಗಿನಿಂದ ಬಂದಿದ್ದು ಹೇಗಾಗುತ್ತೆ?

ಇನ್ನೊಂದು ತಮಾಷೆ. ನಾವು ಬೀಜ ತೆಗೆದುಕೊಂಡು ಹಣ್ಣನ್ನು ದನಕ್ಕೆ ಹಾಕ್ತೇವೆ, ಇಲ್ಲವೇ ಮರದಡಿ ಕೊಳೆಯಲು ಬಿಡ್ತೇವೆ. ಇವರು ಹಣ್ಣಿನ ರಸ ಹಿಂಡಿ ಕುಡೀತಾರೆ, ಊರೂರಲ್ಲಿ, ಮನೆಮನೆಯಲ್ಲಿ. ತಿಳಿ ಮಾಡಿ ಬಾಟಲಿಗೆ ತುಂಬಿದರೆ ಅದು ಕಾಜುಯಿನಾ. ಅಮ್ಮ ಒಂದು ಲೋಟ ರಸ ಕುಡಿದು, ಗಂಟಲು ಹಿಡಿಯುತ್ತದಾ ಅಂತ ಸ್ವಲ್ಪ ಹೊತ್ತು ಕಾದು, ಹಿಡಿಯಲಿಲ್ಲ ಅಂತ ಖಾತ್ರಿ ಆದ ಮೇಲೆ ಇನ್ನೊಂದು ಲೋಟ ಹೇಳಿದಳು.

ಪ್ರೆಯಾ ಅನ್ನೋ ಮೀನುಗಾರರ ಊರಲ್ಲಿ ಡಾಂಬರು ಮುಗಿಯಿತು. ಅಲ್ಲಿಂದ ಮುಂದೆ ರಸ್ತೆ ಅಂತ ಇಲ್ಲ, ಕಡಲ ದಂಡೆಯೇ ರಸ್ತೆ. ಹಿಲಕ್ಸ್ ಜೀಪಿಗೆ ಬದಲಾಯಿಸಿದೆವು. ಡ್ರೈವರುಗಳೆಲ್ಲ ಗಡಿಯಾರಕ್ಕಿಂತ ಜಾಸ್ತಿ ನಂಬುವುದು ಇಳಿತ ಉಬ್ಬರದ ಪಟ್ಟಿಯನ್ನು. ಅವತ್ತು ಹುಣ್ಣಿಮೆ, ಕಾರ್ತಿಕ ಹುಣ್ಣಿಮೆ. ಹುಣ್ಣಿಮೆಯಲ್ಲಿ ಏರಿದಷ್ಟೇ ಇಳಿಯುತ್ತದೆ, ಹನ್ನೊಂದರ ಹೊತ್ತಿಗೆ ನೀರು ಎಷ್ಟೋ ದೂರ ಹಿಂದೆ ಸರಿದಿತ್ತು. ಒದ್ದೆ ಹೊಯ್ಗೆ (ಮರಳು) ಸಿಮೆಂಟಿನ ಹಾಗೆ ಗಟ್ಟಿ. ಒಂದು ಕಡೆ ಅಲೆ, ಇನ್ನೊಂದು ಕಡೆ ಮರಳ ದಿಬ್ಬ, ಮೇಲೆ ನೂರಾರು ದೊಡ್ಡ ದೊಡ್ಡ ಗಾಳಿಪಟ. ಆ ಪಟದ ದಾರಕ್ಕೆ ಮನುಷ್ಯರು ಸೊಂಟ ಕಟ್ಟಿಕೊಂಡು ನೀರ ಮೇಲೆ ಹಲಗೆಯಲ್ಲಿ ಹಾರುತ್ತಿದ್ದರು. ಜುಲೈಯಿಂದ ಡಿಸೆಂಬರ್ ತನಕ ಇಲ್ಲಿ ಪೂರ್ವದಿಂದ ಬೀಸುವ ಗಾಳಿ ನಿಲ್ಲುವುದೇ ಇಲ್ಲವಂತೆ. ಯುರೋಪಿನವರು ಬರೀ ಈ ಗಾಳಿಗೋಸ್ಕರ ಬರ್ತಾರೆ. ಅಮ್ಮನ ಸೆರಗೂ ಅವರ ಜೊತೆಗೇ ಹೊರಟಿತ್ತು, ಪಿನ್ ಹಾಕಿ ಸೊಂಟಕ್ಕೆ ಸಿಕ್ಕಿಸಿ ಅದನ್ನು ಉಳಿಸಿಕೊಂಡಳು.

ಊರು ಹೊಗುವ ಮುಂಚೆ ಪ್ರವಾಸಿ ತೆರಿಗೆ ಕಟ್ಟಬೇಕು. ಆಗ ತಲೆಗೆ 41.50 ರಿಯಲ್ ಇತ್ತು, ನಮ್ಮ ಲೆಕ್ಕದಲ್ಲಿ ಸುಮಾರು ಆರುನೂರು ರೂಪಾಯಿ, ಹತ್ತು ದಿನದವರೆಗೆ ಅಷ್ಟೇ. ಮೂರು ದಿನಕ್ಕೂ ಅಷ್ಟೇ, ಅದು ಬೇರೆ ಮಾತು.

ಈಗ ಊರಿನ ಬಗ್ಗೆ. ಜೆರಿಯಲ್ಲಿ ರಸ್ತೆಗಳೆಲ್ಲ ಹೊಯ್ಗೆ. ಹೋಟೆಲು, ಔಷಧಿ ಅಂಗಡಿ, ಐಸ್‌ಕ್ರೀಂ ಅಂಗಡಿ, ಎಲ್ಲದರ ಹೊಸ್ತಿಲ ತನಕ ಹೊಯ್ಗೆ. ಬೀದಿ ದೀಪದ ಕಂಬ ಒಂದೂ ಇಲ್ಲ, ಹಾಕುವ ಹಾಗಿಲ್ಲ. ಕರೆಂಟು ಬಂದಿದ್ದೇ 1998ರಲ್ಲಿ, ಅದನ್ನೂ ನೆಲದಡಿ ತಂತಿಯಲ್ಲಿ ತಂದರು. 1984ರಲ್ಲಿ ಈ ಜಾಗವನ್ನು ಸಂರಕ್ಷಿತ ಪ್ರದೇಶ ಅಂತ ಮಾಡಿದಾಗ ಇದು ಬರೀ ಮೀನುಗಾರರ ಹಳ್ಳಿ. 2002ರಲ್ಲಿ ಸುತ್ತಲಿನ ದಿಬ್ಬಗಳೆಲ್ಲ ರಾಷ್ಟ್ರೀಯ ಉದ್ಯಾನ ಆಯಿತು. ಈಗ ಆ ಹಳ್ಳಿ ತುಂಬ ಹೋಟೆಲು. ಆದರೂ ಬೀದಿಯಲ್ಲಿ ಕತ್ತೆಗಳು ಅವರಪ್ಪನ ಮನೆ ಅನ್ನೋ ಹಾಗೆ ಅಡ್ಡಾಡುತ್ತವೆ. ಅಮ್ಮ ಐದೇ ನಿಮಿಷಕ್ಕೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಮಧ್ಯಾಹ್ನದ ಬಿಸಿಲಿಗೆ ಕಾಲು ಸುಟ್ಟು ಮತ್ತೆ ಹಾಕಿದಳು. ಸಂಜೆ ಮತ್ತೆ ಕಳಚಿದವಳು ಭಾನುವಾರದ ತನಕ ಹಾಕಿಕೊಳ್ಳಲಿಲ್ಲ.

ಸಂಜೆ ಐದಕ್ಕೆ ಊರಿಗೆ ಊರೇ ಪಶ್ಚಿಮದ ಕಡೆ ನಡೆಯಲು ಶುರು ಮಾಡುತ್ತದೆ. ಅಲ್ಲಿ ಕಡಲಿಗೆ ತಾಗಿಕೊಂಡೇ ಸೂರ್ಯಾಸ್ತದ ದಿಬ್ಬ ಇದೆ. ಬ್ರೆಜಿಲಿನ ಕರಾವಳಿ ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿದೆ, ಸೂರ್ಯ ಕಡಲಲ್ಲಿ ಹುಟ್ಟುತ್ತಾನೆ, ಗುಡ್ಡದ ಹಿಂದೆ ಮುಳುಗುತ್ತಾನೆ. ಕಡಲಲ್ಲಿ ಮುಳುಗೋದು ಅವರಿಗೆ ಅಪರೂಪ. ಜೆರಿ ಒಂದು ಭೂಶಿರದ ಮೂಲೆಯಲ್ಲಿ ಇರೋದರಿಂದ ಇಲ್ಲಿ ಅದು ಸಿಗುತ್ತದೆ. ಅದಕ್ಕೇ ಸಾವಿರಾರು ಮೈಲಿ ದೂರದಿಂದ ಬರ್ತಾರೆ. ನಾವು ಹತ್ತಿ ಕೂತೆವು. ಹೊಯ್ಗೆ ಜಾರಿ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ. ಅಮ್ಮ ನನಗಿಂತ ಮುಂದೆ ಹತ್ತಿದಳು. ನವೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನಲ್ಲ, ಹಾಗಾಗಿ ಕಡಲಿನ ನಡುಮಧ್ಯಕ್ಕಲ್ಲ, ಎಡಗಡೆ ದೂರದ ದಂಡೆಯ ತೆಳು ಗೆರೆ ಪಕ್ಕ ಇಳಿದ. ಐದೂವರೆ ದಾಟಿತ್ತು. ಕೊನೆಯ ಚೂರು ಹೋದ ತಕ್ಷಣ ದಿಬ್ಬದ ಮೇಲಿದ್ದ ಅಷ್ಟೂ ಜನ ಚಪ್ಪಾಳೆ ತಟ್ಟಿದರು. ಶಿಳ್ಳೆ ಕೂಡ ಹೊಡೆದರು.

ಅಮ್ಮ ಸುತ್ತ ನೋಡಿದಳು. "ಇದಕ್ಕೂ ಚಪ್ಪಾಳಿ ಹೊಡಿತ್ರಾ?"

ಅವಳಿಗೆ ದಿನಾ ಸಂಜೆ ಹಿತ್ತಲಲ್ಲಿ ಬಟ್ಟೆ ಒಳಗೆ ಹಾಕುವಾಗ ಆಗುವ ಕೆಲಸ ಅದು. ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಆದರೆ ಹಿಂದೆ ತಿರುಗಿದವಳು ಸುಮ್ಮನಾದಳು. ಊರಿನ ಆ ಬದಿಯಲ್ಲಿ ಹುಣ್ಣಿಮೆ ಚಂದ್ರ ಎದ್ದಿದ್ದ, ಕುಂಬಳಕಾಯಿ ಬಣ್ಣ. ಅಮ್ಮ ಚಂದ್ರನಿಗೆ ಕೈ ಮುಗಿದಳು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಅದನ್ನು ನೋಡಿ, ಇನ್ನೂ ಏನೋ ಬಾಕಿ ಇದೆ ಅಂದುಕೊಂಡು, ಚಂದ್ರನಿಗೂ ಒಂದು ಚಪ್ಪಾಳೆ ತಟ್ಟಿದಳು.

ಈ ದಿಬ್ಬ ಈಗ ಸಣ್ಣದಾಗಿದೆ. ಹಳೆಯ ಫೋಟೋಗಳನ್ನು ಹೋಟೆಲಿನ ಗೋಡೆಯಲ್ಲಿ ಹಾಕಿದ್ದಾರೆ, ಅದರಲ್ಲಿ ಇದು ಬೆಟ್ಟದ ಹಾಗೆ ಕಾಣುತ್ತದೆ. ಪೂರ್ವದ ಗಾಳಿ ಪ್ರೆಯಾ ಕಡೆಯ ದಂಡೆಯಿಂದ ಹೊಯ್ಗೆ ಎತ್ತಿ, ದಿಬ್ಬ ಮಾಡಿ, ಭೂಶಿರದ ಮೇಲಿಂದ ನಿಧಾನಕ್ಕೆ ನಡೆಸಿಕೊಂಡು ಬಂದು ಈ ಬದಿಯಲ್ಲಿ ಕಡಲಿಗೆ ಹಾಕುತ್ತದೆ. ಸೂರ್ಯಾಸ್ತದ ದಿಬ್ಬ ಅಂದರೆ ಕಡಲಿಗೆ ಬೀಳುವ ಸರದಿಯಲ್ಲಿ ನಿಂತಿರುವ ದಿಬ್ಬ. ನಾವು ಕೂತಿದ್ದಾಗಲೇ ಉಬ್ಬರದ ನೀರು ಅದರ ಬುಡ ನೆಕ್ಕುತ್ತಿತ್ತು.

ಕೆಳಗೆ ದಂಡೆಯಲ್ಲಿ ಕಪೊಯೇರಾ ಆಡುತ್ತಿದ್ದರು. ಕಾಲಲ್ಲೇ ಹೊಡೆದಾಡುವ ಹಾಗೆ ಕುಣಿಯುವುದು, ಒಂದೇ ತಂತಿಯ ಬಿಲ್ಲಿನಂಥ ವಾದ್ಯ ಬಾರಿಸಿಕೊಂಡು. ಆಚೆ ಸಾಲಾಗಿ ಕೈಗಾಡಿಗಳಲ್ಲಿ ಲಿಂಬೆ ಹಾಕಿದ ಮದ್ಯ. ಅಮ್ಮ ಲಿಂಬೆ ಶರಬತ್ತು ಅಂದುಕೊಂಡು ಹತ್ತಿರ ಹೋದವಳು ವಾಸನೆಗೇ ಹಿಂದೆ ಬಂದಳು.

ಊಟಕ್ಕೆ ಮೀನು. ಮೀನಿನ ವಿಷಯದಲ್ಲಿ ಅಮ್ಮನನ್ನು ಮೆಚ್ಚಿಸೋದು ಸುಲಭ ಅಲ್ಲ. ಇಲ್ಲಿ ಸೆರ್ರಾ ಅಂತ ಒಂದು ಮೀನು ಸಿಗುತ್ತದೆ, ನಮ್ಮ ಅಂಜಲಿನ ದಾಯಾದಿ, ಒಂದೇ ಕುಲ. ತುಂಡು ನೋಡಿದ ಕೂಡಲೇ ಅಮ್ಮ ಗುರುತು ಹಿಡಿದಳು. ಕರಿದಿದ್ದು ಉಪ್ಪು ಲಿಂಬೆ ಹಾಕಿ ಅಷ್ಟೇ. ತಾಜಾ ಇದೆ, ಆದರೆ ಇವರಿಗೆ ಮೆಣಸು ಅರೆಯಲು ಬರಲ್ಲ ಅಂದಳು. ಚೀಲದಿಂದ ಮೀನಿನ ಮಸಾಲೆಯ ಸಣ್ಣ ಡಬ್ಬಿ ಹೊರಗೆ ಬಂತು. ನಾನು ತಲೆ ತಗ್ಗಿಸಿ ಕೂತೆ. ಜೊತೆಗೆ ಕೊಟ್ಟ ಅನ್ನಕ್ಕೆ ಬಾಯಾಂವ್ ಜಿ ದೊಯ್ಸ್ ಅಂತಾರೆ. ಅಲಸಂದೆ ಕಾಳು ಹಾಕಿ ಬೇಯಿಸಿದ ಅನ್ನ, ಮೇಲೆ ಚೀಸಿನ ತುಂಡು. ಚೀಸ್ ಬದಿಗಿಟ್ಟು ಅಲಸಂದೆ ಅನ್ನ ಪೂರ್ತಿ ಖಾಲಿ ಮಾಡಿದಳು.

ದಿನ 2, ಶನಿವಾರ

ಅಮ್ಮ ಎಲ್ಲಿಗೇ ಹೋದರೂ ನಾಲ್ಕಕ್ಕೆ ಏಳುತ್ತಾಳೆ. ಎದ್ದು, ನನ್ನನ್ನು ಎಬ್ಬಿಸದೆ, ಬೆಳದಿಂಗಳಲ್ಲಿ ಒಬ್ಬಳೇ ಹೊರಟಿದ್ದಾಳೆ. ನಾನು ಎದ್ದು ನೋಡಿದರೆ ಹಾಸಿಗೆ ಖಾಲಿ. ಎದೆ ಧಸಕ್ಕೆಂದಿತು. ಓಡಿದೆ. ಈ ಊರಲ್ಲಿ ಒಂದು ಬೇಕರಿ ಇದೆ, ನಡುರಾತ್ರಿ ಕಳೆದ ಮೇಲೆ ಬಾಗಿಲು ತೆಗೆಯುತ್ತದೆ. ರಾತ್ರಿಯಿಡೀ ಫೊಹೋ ಕುಣಿದು ಸುಸ್ತಾದ ಹುಡುಗ ಹುಡುಗಿಯರು ಮಲಗುವ ಮುಂಚೆ ಅಲ್ಲಿ ಬಿಸಿ ಬ್ರೆಡ್ ತಿಂದು ಹೋಗೋದು. ಅವರ ನಡುವೆ ಬೆಂಚಿನ ಮೇಲೆ ಅಮ್ಮ, ಕೈಮಗ್ಗದ ಸೀರೆಯಲ್ಲಿ, ಬಾಳೆಹಣ್ಣು ತುಂಬಿದ ಬ್ರೆಡ್ ತಿನ್ನುತ್ತಾ. ಪಕ್ಕದ ಹುಡುಗನ ಮೊಣಕೈಯ ಹಚ್ಚೆಯ ಬಗ್ಗೆ ಕನ್ನಡದಲ್ಲಿ ಏನೋ ಕೇಳುತ್ತಿದ್ದಳು, ಅವನು ಪೋರ್ಚುಗೀಸಲ್ಲಿ ಉತ್ತರ ಕೊಡುತ್ತಿದ್ದ. ಇಬ್ಬರಿಗೂ ಏನೂ ತೊಂದರೆ ಕಾಣಲಿಲ್ಲ. ದುಡ್ಡು ಯಾರು ಕೊಟ್ಟರು ಅಂತ ಇನ್ನೂ ಗೊತ್ತಿಲ್ಲ.

ಒಂಬತ್ತಕ್ಕೆ ಬಗ್ಗಿ ಬಂತು. ಮೇಲ್ಛಾವಣಿ ಇಲ್ಲದ, ಅಗಲ ಚಕ್ರದ ಪುಟ್ಟ ಗಾಡಿ. ಡ್ರೈವರ್ ಮೊದಲು ಕೇಳಿದ್ದು, ಎಮೋಷನ್ ಬೇಕಾ, ಬೇಡ್ವಾ. ಇದು ಈ ಕಡೆಯ ದಿಬ್ಬದ ಊರುಗಳಲ್ಲಿ ಕೇಳುವ ಪ್ರಶ್ನೆ, ಬೇಕು ಅಂದರೆ ದಿಬ್ಬದ ಕಡಿದಾದ ಬದಿಯಿಂದ ಗಾಡಿ ಕೆಡವುತ್ತಾರೆ. ಬೇಡ ಅಂದೆ. ಅಮ್ಮ ಏನು ಕೇಳಿದ ಅಂದಳು, ಹೇಳಿದೆ. ನನ್ನ ಕಡೆ ಒಂದು ನೋಟ ಬಿಸಾಕಿ ಡ್ರೈವರಿಗೆ ಕೈಯಲ್ಲಿ ಮೇಲಿಂದ ಕೆಳಗೆ ಜುಯ್ಯಂತ ತೋರಿಸಿದಳು. ಮೂರು ಸಲ ಇಳಿಸಿದ. ನಾನು ಕಣ್ಣು ಮುಚ್ಚಿದ್ದೆ, ಹಾಗಾಗಿ ಹೆಚ್ಚು ಬರೆಯಲು ಇಲ್ಲ.

ಪಶ್ಚಿಮದ ದಾರಿಯಲ್ಲಿ ಗುರಿಯೂ ನದಿ ಅಡ್ಡ ಬರುತ್ತದೆ. ಸೇತುವೆ ಇಲ್ಲ. ಮರದ ತೆಪ್ಪದ ಮೇಲೆ ಗಾಡಿ ಹತ್ತಿಸಿ, ಉದ್ದ ಗಳ ಊರಿ ದಾಟಿಸುತ್ತಾರೆ. "ಜಂಗಲ್!" ಅಂತ ಅಮ್ಮ ಕೂಗಿದಳು, ನಮ್ಮ ಕಡೆ ಇಂಥ ತೆಪ್ಪಕ್ಕೆ ಹಾಗೆ ಅಂತಾರೆ. ಗಂಗೊಳ್ಳಿ ಹೊಳೆಯಲ್ಲಿ ಮೊದಲೆಲ್ಲ ಹೀಗೇ ದಾಟುತ್ತಿದ್ದರಂತೆ. ಇಲ್ಲಿಯ ಮೀನುಗಾರರ ಹಾಯಿ ತೆಪ್ಪಕ್ಕೆ ಜಂಗಾಡಾ ಅಂತ ಹೆಸರು. ಪೋರ್ಚುಗೀಸರು ಆ ಮಾತು ಕಲಿತಿದ್ದು ನಮ್ಮ ಕಡಲಲ್ಲೇ, ಮಲಯಾಳದ ಚಂಗಾಡದಿಂದ. ಗೇರು ಇಲ್ಲಿಂದ ಅಲ್ಲಿಗೆ ಹೋದರೆ ಮಾತು ಅಲ್ಲಿಂದ ಇಲ್ಲಿಗೆ ಬಂದಿದೆ. ತೆಂಗು, ಮಾವು ಕೂಡ ಅದೇ ಹಡಗಿನ ದಾರಿಯಲ್ಲಿ ಬಂದವೇ.

ನದಿಯಲ್ಲಿ ಒಬ್ಬ ಸಣ್ಣ ದೋಣಿಯಲ್ಲಿ ಕಡಲ್ಗುದುರೆ ತೋರಿಸುತ್ತಾನೆ. ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವಿನಿಂದ ಗಾಜಿನ ಪಾತ್ರೆಯಲ್ಲಿ ನೀರು ಸಮೇತ ಎತ್ತಿ, ಎರಡು ನಿಮಿಷ ನೋಡಲು ಬಿಟ್ಟು, ವಾಪಸ್ ಬಿಡುತ್ತಾನೆ. ದಿನಕ್ಕೆ ಎಷ್ಟು ಸಲ ಪಾಪ ಅದನ್ನು ಎತ್ತುತ್ತಾರೋ. ನನಗೆ ಅದು ಅಷ್ಟು ಸರಿ ಕಾಣಲಿಲ್ಲ. ಸ್ವಲ್ಪ ಮುಂದೆ ಹೊಯ್ಗೆಯಲ್ಲಿ ಅರ್ಧ ಹೂತ ಕಾಂಡ್ಲಾ ಕಾಡು, ಸತ್ತು ಒಣಗಿದ ಬೇರುಗಳು ಕೈ ಬೆರಳಿನ ಹಾಗೆ ಮೇಲೆದ್ದಿವೆ. ಎಲ್ಲರೂ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಮ್ಮ ಇಳಿಯಲಿಲ್ಲ. ಸತ್ತ ಮರದ ಎದುರು ಎಂತ ಫೋಟೋ ಅಂದಳು.

ಆಮೇಲೆ ತತಾಜೂಬಾ. ಇದನ್ನು ನೋಡಲೆಂದೇ ನಾನು ಈ ಕಡೆಯ ಪ್ರವಾಸ ಆರಿಸಿದ್ದು. ಡ್ರೈವರ್ ಒಂದು ಬಯಲಲ್ಲಿ ಗಾಡಿ ನಿಲ್ಲಿಸಿ, ಊರು ಬಂತು ಅಂದ. ಊರು ಎಲ್ಲೂ ಇಲ್ಲ. ಅಲ್ಲಲ್ಲಿ ಇಟ್ಟಿಗೆ ಚೂರು, ಒಂದೆರಡು ತೆಂಗಿನ ಮರ, ಸುತ್ತ ಹೊಯ್ಗೆ. ಹಳೇ ತತಾಜೂಬಾ ನಾವು ನಿಂತ ಜಾಗದ ಅಡಿಯಲ್ಲಿತ್ತು. ನಾಲ್ಕು ದಶಕಕ್ಕೂ ಹಿಂದೆ ದಿಬ್ಬ ನಡೆದು ಬಂದು ಊರನ್ನು ಮುಚ್ಚಿತು. ಒಂದೇ ರಾತ್ರಿಯಲ್ಲಿ ಅಲ್ಲ. ಮೊದಲು ಹಿತ್ತಲು, ಆಮೇಲೆ ಜಗಲಿ, ಆಮೇಲೆ ಮಾಡು. ಜನ ದಿನಾ ಗುಡಿಸಿದರು, ತೋಡಿ ಹಾಕಿದರು, ಕೊನೆಗೆ ಸಾಮಾನು ಹೊತ್ತುಕೊಂಡು ಆಚೆ ಹೋಗಿ ಹೊಸ ತತಾಜೂಬಾ ಕಟ್ಟಿಕೊಂಡರು. ಇಲ್ಲಿ ಚರ್ಚ್ ಇತ್ತು ಅಂತ ಡ್ರೈವರ್ ಕಾಲಿಂದ ತೋರಿಸಿದ. ದಿಬ್ಬ ಮುಂದೆ ಹೋದ ಹಾಗೆ ಹಳೆಯ ಗೋಡೆಗಳು ಹೊರಗೆ ಬರುತ್ತವಂತೆ.

ದಿಬ್ಬ ಹೇಗೆ ನಡೆಯುತ್ತೆ ಅಂತ ಅಮ್ಮ ಕೇಳಿದಳು. ಕಣದಲ್ಲಿ ಭತ್ತ ತೂರಿದ ಹಾಗೆ ಅಂದೆ. ಗಾಳಿ ಬರುವ ಬದಿ ಓರೆಯಾಗಿ ಏರಿರುತ್ತದೆ. ಅಲ್ಲಿಂದ ಕಾಳು ಕಾಳಾಗಿ ಹೊಯ್ಗೆ ಮೇಲೆ ಹತ್ತಿ, ತುದಿ ದಾಟಿ, ಆ ಬದಿಯ ಕಡಿದಾದ ಇಳಿಜಾರಿಗೆ ಸುರಿಯುತ್ತದೆ. ಹಿಂದಿನದು ಸವೆಯುತ್ತದೆ, ಮುಂದಿನದು ಬೆಳೆಯುತ್ತದೆ. ಬಗ್ಗಿ ಕೂತು ನೋಡಿದರೆ ತುದಿಯಿಂದ ಹೊಗೆಯ ಹಾಗೆ ಏಳುವುದು ಕಾಣುತ್ತಿತ್ತು.

"ತಲಕಾಡು ಮರಳಾಗಿ" ಅಂದಳು ಅಮ್ಮ. ಇದನ್ನು ಓದುವ ನೀವೂ ಇಷ್ಟು ಹೊತ್ತಿಗೆ ಅದನ್ನೇ ಅಂದುಕೊಂಡಿರುತ್ತೀರಿ. 2013ರ ಪಂಚಲಿಂಗ ದರ್ಶನಕ್ಕೆ ಅವಳು ಸ್ತ್ರೀಶಕ್ತಿ ಸಂಘದವರ ಜೊತೆ ಬಸ್ಸಿನಲ್ಲಿ ಹೋಗಿದ್ದಳು. ಕಾವೇರಿ ದಂಡೆಯ ಹೊಯ್ಗೆಯಲ್ಲಿ ಮೆಟ್ಟಿಲು ಇಳಿದು ದೇವರ ಮುಖ ನೋಡಿದ್ದು ನೆನಪಿದೆ ಅವಳಿಗೆ. "ಇಲ್ಲಿ ಯಾರ ಶಾಪ?" ಡ್ರೈವರನ್ನು ಕೇಳಿದೆ. ಶಾಪ ಏನೂ ಇಲ್ಲ, ಗಾಳಿ ಅಂದ. ಆದರೆ ಅಗೋ, ಆ ದಿಬ್ಬಕ್ಕೆ ಮಾಯದ ದಿಬ್ಬ ಅಂತ ಹೆಸರು, ಅದರ ಹೊಟ್ಟೆಯೊಳಗೆ ಒಂದು ಹಡಗಿದೆ, ರಾತ್ರಿ ಸಂಗೀತ ಕೇಳುತ್ತೆ ಅಂದ. ಅಮ್ಮನಿಗೆ ಅಷ್ಟು ಸಾಕಾಗಲಿಲ್ಲ. ಅಲಮೇಲಮ್ಮನಂಥ ಒಬ್ಬಳು ಇಲ್ಲದೆ ಇಡೀ ಊರು ಮುಳುಗೋದು ಅವಳಿಗೆ ಒಪ್ಪಿಗೆ ಆಗುವ ವಿಷಯ ಅಲ್ಲ.

ಅಲ್ಲೇ ಕಾರ್ನಾಉಬಾ ಎಲೆಯ ಚಪ್ಪರದಡಿ ಒಬ್ಬ ಅಜ್ಜಿ ಎಳನೀರು ಮಾರುತ್ತಿದ್ದಳು. ಹಳೇ ಊರಲ್ಲಿ ಹುಟ್ಟಿದವಳು. ಅಮ್ಮ ಅವಳ ಪಕ್ಕ ಕೂತಳು. ನಾನು ನಡುವೆ ತರ್ಜುಮೆ ಮಾಡಿದೆ. ಅಮ್ಮ ಹೇಳಿದ್ದು: ನಮ್ಮಲ್ಲಿ ಮಳೆಗಾಲದಲ್ಲಿ ಕಡಲು ಬಂದು ಹೊಯ್ಗೆ ತಗೊಂಡು ಹೋಗುತ್ತೆ, ನಮ್ಮ ಹಿತ್ತಲಿನ ಏಳು ತೆಂಗಿನ ಮರ ಹೋಯಿತು, ಈಗ ದಂಡೆಗೆ ಕಲ್ಲು ತಂದು ಹಾಕಿದ್ದಾರೆ. ಅಜ್ಜಿ ಕೇಳಿದಳು, ಕಲ್ಲು ಹಾಕಿದ ಮೇಲೆ ನಿಂತಿತಾ? ಅಮ್ಮ, ಅಲ್ಲಿ ನಿಂತಿತು, ಪಕ್ಕದ ಊರಲ್ಲಿ ಶುರುವಾಯಿತು. ಅಜ್ಜಿ ತುಂಬಾ ಹೊತ್ತು ನಕ್ಕಳು. ಆಮೇಲೆ ಅವಳ ಕಥೆ ಹೇಳಿದಳು. ರಾತ್ರಿ ಮಲಗುವಾಗ ಬಾಗಿಲು ಒಳಗೆ ತೆರೆಯುವ ಹಾಗೆ ಇರಬೇಕಿತ್ತಂತೆ. ಹೊರಗೆ ತೆರೆಯುವ ಬಾಗಿಲಾದರೆ ಬೆಳಗ್ಗೆ ಹೊಯ್ಗೆ ಅಡ್ಡ ಬಂದು ತೆರೆಯಲು ಆಗುತ್ತಿರಲಿಲ್ಲ. ಬಾಗಿಲಿನ ವಿಷಯ ಅಮ್ಮ ಆಮೇಲೆ ನಾಲ್ಕು ಸಲ ಹೇಳಿದಳು.

ಮಧ್ಯಾಹ್ನ ತೋರ್ತಾ ಕೆರೆ. ಮಳೆನೀರು ದಿಬ್ಬಗಳ ನಡುವೆ ನಿಂತು ಆದ ಸಿಹಿ ನೀರಿನ ಕೆರೆ. ನೀರೊಳಗೇ ಕಂಬ ನೆಟ್ಟು ತೂಗುಮಂಚ ಕಟ್ಟಿದ್ದಾರೆ, ಮಲಗಿದರೆ ಬೆನ್ನು ನೀರಲ್ಲಿ. ಹೋಟೆಲಿನವರು ತಟ್ಟೆಯಲ್ಲಿ ಹಸಿ ಮೀನು, ಸಿಗಡಿ ತಂದು ತೋರಿಸಿ ಯಾವುದು ಬೇಕು ಅಂತಾರೆ. ಅಮ್ಮ ಕಿವಿರು ಎತ್ತಿ ನೋಡಿ ಎರಡನ್ನು ವಾಪಸ್ ಕಳಿಸಿದಳು. ಮೂರನೆಯದು ಒಪ್ಪಿಗೆ ಆಯಿತು. ಹೋಟೆಲಿನವನು ಒಳಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದು ಅಮ್ಮನನ್ನು ತೋರಿಸಿದ.

ದಿನ 3, ಭಾನುವಾರ

ಬೆಳಗ್ಗೆ ತಾಪಿಯೋಕಾ. ಮರಗೆಣಸಿನ ಹಸಿ ಹಿಟ್ಟನ್ನು ಎಣ್ಣೆ ಇಲ್ಲದ ಕಾವಲಿಗೆ ಉದುರಿಸುತ್ತಾರೆ, ಬಿಸಿಗೆ ಅದು ತಾನೇ ಅಂಟಿಕೊಂಡು ಬಿಳಿ ದೋಸೆ ಆಗುತ್ತದೆ. ನೀರಿಲ್ಲದ ನೀರುದೋಸೆ. ಒಳಗೆ ಕಾಯಿತುರಿ. ಅಮ್ಮ ಬೆಲ್ಲ ಇದೆಯಾ ಅಂತ ಕೇಳು ಅಂದಳು. ಇತ್ತು. ರಪದೂರಾ ಅಂತಾರೆ, ಅಚ್ಚು ಬೆಲ್ಲವೇ. ಕಾಯಿಬೆಲ್ಲ ಹಾಕಿ ನಾಲ್ಕು ತಿಂದಳು.

ಹುಣ್ಣಿಮೆ ಉಬ್ಬರ ಇನ್ನೂ ಇಳಿದಿರಲಿಲ್ಲ, ಹಾಗಾಗಿ ತೂತು ಬಂಡೆಗೆ ಗುಡ್ಡದ ಮೇಲಿಂದ ನಡೆದೆವು, ಮುಕ್ಕಾಲು ಗಂಟೆ. ನೆರಳಿಲ್ಲ. ಕಡಲ ದಂಡೆಯಲ್ಲಿ ಕಮಾನಿನ ಹಾಗೆ ನಿಂತ ಬಂಡೆ ಅದು, ಜುಲೈ ಹೊತ್ತಿಗೆ ಸೂರ್ಯ ಸರಿಯಾಗಿ ಆ ತೂತಿನೊಳಗೆ ಮುಳುಗುತ್ತಾನೆ. ನಮಗೆ ಸಿಕ್ಕಿದ್ದು ಫೋಟೋಗೆ ನಿಂತ ಸಾಲು. ನಿಜ ಹೇಳಬೇಕು ಅಂದರೆ ಫೋಟೋದಲ್ಲೇ ಚೆನ್ನಾಗಿದೆ. ಅದಕ್ಕಿಂತ ಗುಡ್ಡದ ಕಥೆ ಚೆನ್ನಾಗಿದೆ. ದೀಪಸ್ತಂಭದ ಕೆಳಗೆ ಒಂದು ಚಿನ್ನದ ಊರು ಇದೆಯಂತೆ, ಅದರಲ್ಲಿ ಒಬ್ಬಳು ರಾಜಕುಮಾರಿ, ಚಿನ್ನದ ಹುರುಪೆಯ ಹಾವಾಗಿದ್ದಾಳೆ, ತಲೆ ಮತ್ತು ಪಾದ ಮಾತ್ರ ಹೆಣ್ಣಿನದು. ಮನುಷ್ಯರ ರಕ್ತ ಚೆಲ್ಲಿದರೆ ಮಾಯೆ ಬಿಡುತ್ತದೆ. ಅಮ್ಮನ ಮುಖ ಅರಳಿತು. ನಾಗಕನ್ನಿಕೆ ಸಿಕ್ಕಿದ್ದಳು. ತತಾಜೂಬಾ ಯಾಕೆ ಮುಳುಗಿತು ಅನ್ನೋದಕ್ಕೂ ಆಮೇಲೆ ಅವಳು ಇವಳನ್ನೇ ಹೊಣೆ ಮಾಡಿದಳು. ತಪ್ಪು ಅಂತ ಹೇಳಲು ನಾನ್ಯಾರು.

ವಾಪಸ್ ಹೋಗುವ ದಾರಿಯಲ್ಲಿ ಜಿಜೋಕಾದ ಪರಡೈಸ್ ಕೆರೆಗೆ ಎರಡು ಗಂಟೆ. ನೀರು ಗಾಜಿನಂತೆ, ವರ್ಷದ ಕೊನೆಯಾದ್ದರಿಂದ ಸ್ವಲ್ಪ ಕಡಿಮೆ. ಆದರೆ ದಂಡೆಯ ಜಾಗವೆಲ್ಲ ಕ್ಲಬ್ಬುಗಳ ಕೈಯಲ್ಲಿ, ಕೂರಲೂ ದುಡ್ಡು, ಕಿವಿ ಹರಿಯುವ ಹಾಡು. ಶನಿವಾರದ ಕೆರೆಯೇ ವಾಸಿ. ಅಮ್ಮ ಸೀರೆ ಸಮೇತ ತೂಗುಮಂಚದಲ್ಲಿ ನಿದ್ದೆ ಹೋದಳು. ನಾನು ಎಬ್ಬಿಸಲು ಹೋದಾಗ ಮಂಚ ಖಾಲಿ, ಎರಡನೇ ಸಲ ಎದೆ ಧಸಕ್ಕೆಂದಿತು. ಕ್ಲಬ್ಬಿನ ಹಿಂದಿನ ಗೇರು ಮರದ ಕೆಳಗೆ ಬಗ್ಗಿ ಬಗ್ಗಿ ಬೀಜ ಹೆಕ್ಕುತ್ತಿದ್ದಳು. ಮಡಿಲಲ್ಲಿ ಆಗಲೇ ಒಂದು ಹಿಡಿ.

ಮೂರು ಗಂಟೆಗೆ ವ್ಯಾನು, ಒಂಬತ್ತಕ್ಕೆ ಫೋರ್ಟಲೇಜಾ, ನಡುರಾತ್ರಿ ವಿಮಾನ, ಸೋಮವಾರ ಬೆಳಗ್ಗೆ ನಾನು ಕೆಂಪು ಕಣ್ಣಲ್ಲಿ ಆಫೀಸು. ಅದರಲ್ಲಿ ಹೇಳುವಂಥದ್ದು ಏನಿಲ್ಲ. ವಿಮಾನ ನಿಲ್ದಾಣದಲ್ಲಿ ಮಾತ್ರ ಒಂದು ಮಾತಾಯಿತು. ಊರಿಗೆ ಹೋಗುವಾಗ ಈ ಬೀಜ ತಗೊಂಡು ಹೋಗಿ ಹಾಡಿಯಲ್ಲಿ ನೆಡುತ್ತೇನೆ ಅಂದಳು. ಆಗಲ್ಲಮ್ಮ, ಕಸ್ಟಮ್ಸಿನವರು ಬಿಡಲ್ಲ, ಒಂದು ದೇಶದ ಬೀಜ ಇನ್ನೊಂದು ದೇಶಕ್ಕೆ ಹಾಗೆಲ್ಲ ಒಯ್ಯುವ ಹಾಗಿಲ್ಲ, ಕೇಳಬೇಕಾಗುತ್ತೆ, ಕಾಗದ ಬೇಕಾಗುತ್ತೆ ಅಂತ ವಿವರಿಸಿದೆ.

"ಅವ್ರ್ ತಕಂಡ್ ಬಂದಾಗ ಯಾರ್ ಹತ್ರ ಕೇಂಡಿದ್ರ್?" ಅಂದಳು.

ಸದ್ಯಕ್ಕೆ ಎರಡು ಬೀಜ ಹದಿನಾಲ್ಕನೇ ಮಹಡಿಯ ಬಾಲ್ಕನಿಯ ಕುಂಡದಲ್ಲಿವೆ. ದಿನಾ ನಾಲ್ಕಕ್ಕೆ ಎದ್ದು ಮಣ್ಣು ಕೆದಕಿ ನೋಡುತ್ತಾಳೆ. ಉಳಿದವು ಎಲ್ಲಿವೆ ಅಂತ ನಾನು ಕೇಳಿಲ್ಲ.